ಕಪ್ಪು ಕನ್ನಡಕದ ಹಿರಿಯರೊಂದಿಗೆ ಕನ್ಯಾ ನೋಡಲು ಹೋದದ್ದು

ಎರಡು ವರ್ಷದ ಹಿಂದಿನ ಮಾತು. ಆಷಾಢ ಮುಗಿದು ಶ್ರಾವಣ ಕಾಲಿಟ್ಟಿತ್ತು. ಗದಗ-ಬೆಟಗೇರಿಯಲ್ಲಿ ಯಾರನ್ನು ನೋಡಿದರೂ ಕಣ್ಣು ಕೆಂಪು. ನಮ್ಮ ಕಡೆ ಇದಕ್ಕೆ ‘ಕಣ್ಣು ಬಂದಾವು’ ಅನ್ನುತ್ತಾರೆ. ನಾನು ಬೆಟಗೇರಿಯ ನೇಕಾರರ ಮನೆಯವನು, ಆದರೆ ಮಗ್ಗ ಬಿಟ್ಟು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಊರವರ ಲಗ್ನಪತ್ರಿಕೆಗಳನ್ನು ಡಿಸೈನ್ ಮಾಡುವ ಕೆಲಸ ಹಿಡಿದಿದ್ದೆ. ವಯಸ್ಸು ಮೂವತ್ನಾಲ್ಕಾದರೂ ನನ್ನ ಲಗ್ನ ಮಾತ್ರ ಎಲ್ಲಿಯೂ ಕುದುರಿರಲಿಲ್ಲ. ನೋಡಿದ ಕನ್ಯೆಗಳ ಮನೆಯವರೆಲ್ಲ ‘ಆಮ್ಯಾಲ ತಿಳಸ್ತೀವಿ’ ಅಂದವರೇ. ತಿಳಿಸಿದವರು ಒಬ್ಬರೂ ಇಲ್ಲ.

ಅಂಥದರಲ್ಲಿ ನಮ್ಮ ಪ್ರೆಸ್ಸಿನ ಹಿರಿಯ ಮಷಿನ್‌ಮನ್ ಫಕ್ಕೀರಪ್ಪಣ್ಣ ತನ್ನ ಹೆಂಡತಿಯ ಸಂಬಂಧಿಕರಲ್ಲಿ ಒಂದು ಕನ್ಯೆ ಗೊತ್ತುಮಾಡಿದ. ಊರು ಮುಂಡರಗಿ, ಹೆಸರು ಸವಿತಾ, ಅಲ್ಲಿನ ಪತ್ತಿನ ಸಂಘದಲ್ಲಿ ಕ್ಲಾರ್ಕ್. ಭಾನುವಾರ ನೋಡಲು ಹೋಗುವುದೆಂದು ಮಾತಾಯಿತು. ಆದರೆ ಅದೇ ವಾರದ ಸೋಮವಾರ ಫಕ್ಕೀರಪ್ಪಣ್ಣ ಕಣ್ಣು ಉಜ್ಜಿಕೊಳ್ಳುತ್ತ ಪ್ರೆಸ್ಸಿಗೆ ಬಂದ. ಎರಡೂ ಕಣ್ಣು ಟೊಮೆಟೊ ಹಣ್ಣು!

ಕನ್ಯಾ ನೋಡಲು ಕೆಂಗಣ್ಣು ಬಿಟ್ಟುಕೊಂಡು ಹೋದರೆ ಕುಡಿದು ಬಂದಿದ್ದಾನೆ ಅಂತಲೇ ತಿಳಿದಾರು. ಓಡಿಹೋಗಿ ಮಾಲಕರಿಗೆ, “ಅಣ್ಣನ್ನ ಮನೀಗೆ ಕಳಸ್ರಿ. ಇಲ್ಲಾಂದ್ರ ಇಡೀ ಪ್ರೆಸ್ಸಿಗೆ ಹಬ್ಬತೈತಿ” ಎಂದೆ. ಅವರು ಕಳಿಸಿದರು. ನಮ್ಮಲ್ಲಿ ಎಲ್ಲರೂ ಮುಖ ಒರೆಸುವುದಕ್ಕೆ ಒಂದೇ ಟವೆಲ್ ಇತ್ತು. ಅದರ ಮೂಲ ಬಣ್ಣ ಯಾವುದೆಂದು ಯಾರಿಗೂ ನೆನಪಿರಲಿಲ್ಲ. ಅದನ್ನು ಕೋಲಿನಿಂದ ಎತ್ತಿ ಹೊರಗೆ ಒಗೆದೆ. ಹೊಸ ಸೋಪು ತಂದಿಟ್ಟೆ. ನನ್ನ ಕೀಬೋರ್ಡು ಮುಟ್ಟಿದವರ ಮೇಲೆ ಹರಿಹಾಯ್ದೆ. ಇದೆಲ್ಲ ಜನಸೇವೆ ಅಂತ ತಿಳಿಯಬೇಡಿ, ನನ್ನ ಭಾನುವಾರದ ಚಿಂತೆ ನನಗೆ.

ಮರುದಿನ ಬೈಂಡಿಂಗ್ ಮಾಡುವ ದಾಕ್ಷಾಯಣಕ್ಕ, “ಸಂಜೀಕ ಎಲ್ಲಾರೂ ಹೋಗಿ ಫಕ್ಕೀರಪ್ಪಣ್ಣನ್ನ ಮಾತಾಡ್ಸಿಕೊಂಡ ಬರೂಣು” ಅಂದಳು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಬ್ರೆಡ್ಡು-ಬಾಳೆಹಣ್ಣು ತೆಗೆದುಕೊಂಡು ಹೋಗಿ ಮಾತಾಡಿಸಿ ಬರಲೇಬೇಕು. ಹೋಗದಿದ್ದವನನ್ನು ಜನ್ಮವಿಡೀ ಆಡಿಕೊಳ್ಳುತ್ತಾರೆ.

“ಅಕ್ಕಾ, ನಮಗ ಹತ್ತಬಾರ್ದಂತ ಅಣ್ಣನ್ನ ಮನೀಗೆ ಕಳಿಸೀವಿ. ಈಗ ನಾವ ಅಲ್ಲಿ ಹೋಗಿ ಹಚ್ಚಿಕೊಂಡ ಬರೂದೇನು?” ಎಂದೆ.

“ಅಯ್ಯ, ನಿನಗ ಕನ್ಯಾ ತೋರಸಾಂವ ಅಂವ! ನೀ ಮನಷ್ಯಾ ಹೌದೋ ಅಲ್ಲೋ?”

ಮಾಲಕರೂ ಹೊರಟರು. ಇಡೀ ಪ್ರೆಸ್ಸು ಹೋಯಿತು, ನಾನೊಬ್ಬ ಹೋಗಲಿಲ್ಲ. ಅಲ್ಲಿ ಫಕ್ಕೀರಪ್ಪಣ್ಣ ಒಬ್ಬೊಬ್ಬರ ಕೈ ಹಿಡಿದು ಕಣ್ಣೀರು ಹಾಕಿದನಂತೆ. ಕೈ-ಮುಖ ತೊಳೆದವರಿಗೆ ಅವನ ಹೆಂಡತಿ ಮನೆಯ ಟವೆಲ್ಲನ್ನೇ ಕೊಟ್ಟಳಂತೆ. “ಮಂಜ್ಯಾ ಬರ್ಲಿಲ್ಲೇನು?” ಅಂತ ನನ್ನ ಬಗ್ಗೆ ಅಣ್ಣ ಎರಡೆರಡು ಸಲ ಕೇಳಿದನಂತೆ.

ಶುಕ್ರವಾರದ ಹೊತ್ತಿಗೆ ಇಡೀ ಪ್ರೆಸ್ಸಿಗೆ ಕಣ್ಣು ಬಂದವು. ಮಾಲಕರು ಕಪ್ಪು ಕನ್ನಡಕ ಹಾಕಿಕೊಂಡೇ ಪ್ರೂಫ್ ಹಿಡಿದು, “ಏನಲೇ ಇದು, ಕರೀ ಹಾಳಿ ಮ್ಯಾಲ ಹೊಡದೀಯೇನು?” ಅಂತ ನನಗೇ ಬೈದರು. ನನ್ನ ಕಣ್ಣು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು.

ಇನ್ನು ಭಾನುವಾರ. ಅಪ್ಪ ಇಲ್ಲದ ಮನೆ, ಹಾಗಾಗಿ ಪ್ರೆಸ್ಸಿನವರೇ ನನಗೆ ಹಿರಿಯರು. ಇವರನ್ನೆಲ್ಲ ಬಿಟ್ಟು ನಾವಿಬ್ಬರೇ ಹೋಗೋಣ ಎಂದರೆ ಅವ್ವ ಉರಿದುಬಿದ್ದಳು: “ಹಿರ್ಯಾರಿಲ್ದ ಕನ್ಯಾ ನೋಡಾಕ ಹೋಗ್ತಾರೇನಲೇ?” ಫಕ್ಕೀರಪ್ಪಣ್ಣನಂತೂ ಮುಖ ಗಂಟು ಹಾಕಿಕೊಂಡೇ ಬಂದ. “ಮಾತು ಕೊಟ್ಟೀನಿ, ಬರ್ತೀನಿ. ಆದ್ರ ನಿನ್ನ ಗುಣ ಎಂಥಾದ್ದಂತ ಅಲ್ಲಿ ಹೇಳಾಂವನ” ಎಂದ. ನಾನು ಬಾಡಿಗೆ ಟ್ರ್ಯಾಕ್ಸ್ ಗಾಡಿಯಲ್ಲಿ ಡ್ರೈವರ್ ಪಕ್ಕ ಕೂತು ಮುಂಡರಗಿಯವರೆಗೂ ತಲೆ ಕಿಟಕಿಯ ಹೊರಗಿಟ್ಟುಕೊಂಡೇ ಹೋದೆ.

ಕನ್ಯೆಯ ಮನೆ ಮುಂದೆ ಗಾಡಿ ನಿಂತಿತು. ಕಪ್ಪು ಕನ್ನಡಕದವರು ಒಬ್ಬರ ಹಿಂದೊಬ್ಬರು ಇಳಿದರು. ಎದುರು ಮನೆಯ ಅಜ್ಜಿ ಕಟ್ಟೆಯಿಂದ ಎದ್ದು, “ಯವ್ವಾ, ಯಾರ ಮನಿ ಮ್ಯಾಲ ರೇಡ್ ಬಂತು?” ಅಂತ ಕೂಗಿದಳು. ಹುಡುಗಿಯ ಅಪ್ಪನ ಮುಖ ಸಣ್ಣಗಾಯಿತು.

ಸವಿತಾ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಎಲ್ಲರನ್ನೂ ಒಮ್ಮೆ ನೋಡಿ ತಟ್ಟೆಗಳನ್ನು ಟೀಪಾಯಿ ಮೇಲಿಟ್ಟು ಹಿಂದೆ ಸರಿದಳು. “ಸಿಟ್ಟಾಗಬ್ಯಾಡ್ರಿ, ನೀವ ತಗೊಳ್ರಿ. ನಂಗ ನಾಳೆ ಕೆಲಸಕ್ಕ ಹೋಗೂದೈತಿ” ಎಂದಳು. ಅವಳಪ್ಪ ಕಣ್ಣು ದೊಡ್ಡದು ಮಾಡಿದ. ನನಗೋ, ಎದ್ದು ನಿಂತು ಚಪ್ಪಾಳೆ ತಟ್ಟೋಣ ಅನ್ನಿಸಿತು!

ಅಷ್ಟರಲ್ಲಿ ಫಕ್ಕೀರಪ್ಪಣ್ಣ ಗಂಟಲು ಸರಿಮಾಡಿಕೊಂಡ. “ನೋಡವ್ವಾ ಸವಿತಾ, ಈ ಹುಡಗನ್ನ ತೋರಸಾಂವ ನಾನ, ಖರೆ ಹೇಳಾಂವನೂ ನಾನ. ನನಗ ಕಣ್ಣು ಬಂದು ಮಲಗಿದ್ರ ಎಲ್ಲಾರೂ ಬಂದು ಮಾತಾಡ್ಸಿದ್ರು. ಇಂವಾ ಹೊಳ್ಳಿ ಸುದ್ದ ನೋಡಲಿಲ್ಲ.”

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಮುಗಿಯಿತು, ಇದೂ ಹೋಯಿತು ಅಂದುಕೊಂಡೆ.

ಸವಿತಾ ನೇರ ನನ್ನನ್ನೇ ಕೇಳಿದಳು: “ಹೌದೇನ್ರಿ? ಯಾಕ ಹೋಗ್ಲಿಲ್ಲ?”

ಒಳ್ಳೆಯ ಉತ್ತರಗಳು ಎಷ್ಟೋ ಇದ್ದವು. ಸಾಂಕ್ರಾಮಿಕ ರೋಗ, ಎಲ್ಲರ ಹಿತ, ಇತ್ಯಾದಿ. ನನ್ನ ಬಾಯಿಂದ ಬಂದದ್ದು ಮಾತ್ರ, “ಇವತ್ತ ನಿಮ್ಮನ್ನ ನೋಡೂದಿತ್ತಲ್ರಿ... ಅದಕ್ಕ ಕಣ್ಣು ಕಾಯ್ಕೊಂಡೆ.”

ಒಳಗೆ ಹೆಂಗಸರು ಕಿಸಕ್ಕೆಂದರು. ಸವಿತಾ ಕೆಂಪಾಗಿ ಒಳಗೆ ಹೋಗಿಬಿಟ್ಟಳು. ಅವಳಪ್ಪ ಬೀಳ್ಕೊಡುವಾಗ “ಆಮ್ಯಾಲ ತಿಳಸ್ತೀವಿ” ಎಂದ. ನಾನು ಟ್ರ್ಯಾಕ್ಸ್ ಹತ್ತಿದೆ.

ಅರ್ಧ ದಾರಿಗೆ ಬಂದಾಗ ಫಕ್ಕೀರಪ್ಪಣ್ಣನ ಫೋನು ರಿಂಗಾಯಿತು. ಕೇಳಿದವನೇ ಗಾಡಿ ನಿಲ್ಲಿಸಲು ಹೇಳಿ, “ಹುಡಿಗಿ ಒಪ್ಯಾಳಂತಲೇ!” ಅಂತ ಚೀರಿ ನನ್ನನ್ನು ಅಪ್ಪಿಕೊಂಡ. ಸಿಟ್ಟೆಲ್ಲ ಎಲ್ಲಿ ಹೋಯಿತೋ! ಹೆಗಲ ಮೇಲಿನ ಟವೆಲ್ಲಿನಿಂದ ತನ್ನ ಕಣ್ಣು ಒರೆಸಿಕೊಂಡು, ಅದೇ ಟವೆಲ್ಲಿನಿಂದ ನನ್ನ ಕಣ್ಣೂ ಒರೆಸಿದ. ಆ ಹೊತ್ತಿನಲ್ಲಿ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಬುಧವಾರ ಎದ್ದರೆ ರೆಪ್ಪೆ ಅಂಟಿಕೊಂಡು ಕಣ್ಣೇ ಬಿಡಲಾಗಲಿಲ್ಲ. ಅವ್ವ ಫೋನು ತಂದು ಕಿವಿಗಿಟ್ಟಳು. ಸವಿತಾ! “ಕಣ್ಣು ಬಂದಾವಂತ ಖಬರ ಬಂತು. ನಾ ಅಂತೂ ಮಾತಾಡ್ಸಾಕ ಬರೂದಿಲ್ರಿ. ಇಲ್ಲಿಂದನ ಮಾತಾಡ್ಸ್ತೀನಿ, ಹೆಂಗದೀರಿ?” ಎಂದಳು. ಕಣ್ಣು ಮುಚ್ಚಿಕೊಂಡೇ ಬಹಳ ಹೊತ್ತು ಮಾತಾಡಿದೆ. ಎಷ್ಟು ಸಮಾಧಾನವಾಯಿತೆಂದರೆ ಉರಿಯೇ ಮರೆತುಹೋಯಿತು.

ಫೋನಿಟ್ಟ ಮೇಲೆ ಯೋಚನೆ ಹತ್ತಿತು. ಫಕ್ಕೀರಪ್ಪಣ್ಣನ ಮನೆಗೆ ಹೋಗದಿದ್ದದ್ದು ಸರಿಯೇ. ಆದರೆ ಫೋನಿನಲ್ಲಿ ಕಣ್ಣುಬೇನೆ ಹತ್ತುತ್ತಿರಲಿಲ್ಲವಲ್ಲ! ಅವ್ವನಿಂದ ನಂಬರ್ ಹಚ್ಚಿಸಿ, “ಅಣ್ಣಾ, ಆರಾಮ ಅದೀಯಿಲ್ಲೋ?” ಎಂದೆ.

“ನಾ ಆರಾಮ ಆದ ಮ್ಯಾಲ ಕೇಳ್ತಿಯೇನಲೇ ಮಗನ?” ಎಂದ. ಬೈಗುಳವೇ ಅದು, ಆದರೆ ದನಿ ಒದ್ದೆಯಾಗಿತ್ತು.