ಕಲ್ಲಿನ ತಾಟಿಗೆ ನಾನು ಕೊಟ್ಟ ಸರ್ಟಿಫಿಕೇಟು

ಭೀಮಶ್ಯಾನ ಹೆಸರು ನಾನು ಮೊದಲು ಕೇಳಿದ್ದು ಶಹಾಬಾದದ ನಮ್ಮ ಓಣಿಯ ನಳದ ಮುಂದೆ. ಪಕ್ಕದ ಮನೆಯ ಮಾಳಮ್ಮ ಕೊಡ ಇಟ್ಟು, "ಆಯಿ, ಹೊಸದಾಗಿ ಬಾಡಿಗಿಗೆ ಬಂದಾನಲ್ಲ, ಪಾಲಿಶ್ ಮಷೀನಿನ ಭೀಮಶ್ಯಾ, ಅಂವ ಕಲ್ಲಾಗ ಉಣ್ಣೋ ತಾಟ ಮಾಡ್ಲಿಕತ್ತಾನಂತ" ಎಂದಳು.

"ಕಲ್ಲು ಕಾಲ ಕೆಳಗ ಇದ್ದದ್ದು ಸಾಲಲಿಲ್ಲೇನು, ಬಾಯಿಗೂ ಬಂತಾ?" ಎಂದು ನಕ್ಕೆ.

ಮರುದಿನವೇ ಅವನು ತಾಟು ಹಿಡಿದು ಬಂದ. ಐವತ್ತರ ಆಳು, ಹುಬ್ಬಿನ ಮೇಲೂ ಕಲ್ಲಿನ ಪುಡಿ. ಇಪ್ಪತ್ತೆಂಟು ವರ್ಷ ಕಂಡವರ ಮನೆಯ ನೆಲಕ್ಕೆ ಹೊಳಪು ಕೊಟ್ಟವನು. ಖಣಿಯಲ್ಲಿ ಬಿಸಾಡಿದ ತುಂಡನ್ನು ಕೊರೆದು ಮಾಡಿದ ತಾಟು, ಮುಖ ಕಾಣುವಷ್ಟು ನುಣುಪು. ವಾಡಿಯಲ್ಲಿ ಖಾನಾವಳಿ ಇಟ್ಟಿರುವ ಬಾಬುಮಿಯಾ ಅಂಥವು ನಲವತ್ತು ಬೇಕೆಂದಿದ್ದರಂತೆ. ಕೆಲಸ ಬಿಟ್ಟು ಸ್ವಂತ ಶೆಡ್ ಹಾಕಲೋ, ಬೇಡವೋ ಎಂಬುದೇ ಅವನ ಚಿಂತೆ.

"ಅಡಗಿ ವಿಷಯಕ್ಕ ಓಣಿಯಾಗ ನಿಮ್ಮ ಮಾತೇ ಮಾತಂತ ಆಯಿ. ಹದಿನೈದ್ ದಿನ ಇದ್ರಾಗ ಉಣ್ರಿ. ಹೆಂಗದ ಖರೇ ಹೇಳ್ರಿ. ಆಮ್ಯಾಲ ನಾ ಫೈಸಲ್ ಮಾಡ್ತೀನಿ."

ತವರೂರು ಕುರಕುಂಟಾದಲ್ಲಿ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಅಲ್ಲಿಯವರೆಗೆ ಯಾರೂ ಇಷ್ಟು ದೊಡ್ಡ ವಿಷಯಕ್ಕೆ ಅಭಿಪ್ರಾಯ ಕೇಳಿರಲಿಲ್ಲ. ನನ್ನ ಯಜಮಾನರು ತೀರಿಕೊಳ್ಳುವವರೆಗೆ ನನ್ನ ಅಡುಗೆಯ ಬಗ್ಗೆ ಆಡಿದ್ದು ಎರಡೇ ಮಾತು: ಖಾರ, ಇಲ್ಲವೆ ಸಪ್ಪಗೆ. ಈಗ ನಲವತ್ತು ತಾಟಿನ ಹಣೆಬರಹ ನನ್ನ ಕೈಯಲ್ಲಿ! ಅವನು ಕೊಟ್ಟ ತಾಟನ್ನು ಗೋಡೆಯ ಗೂಡಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದೆ. ಉಣ್ಣುತ್ತಿದ್ದದ್ದು ಮಾತ್ರ ಹಳೆಯ ಸ್ಟೀಲ್ ತಾಟಿನಲ್ಲಿ. ಕಲ್ಲಿನದು ತೊಳೆಯಲಿಕ್ಕೆ ಭಾರ.

ಹದಿನೈದು ದಿನಕ್ಕೆ ಅವನು ಬಂದಾಗ, "ದಿನಾ ಇದ್ರಾಗೇ ಉಣ್ಲಿಕತ್ತೀನಿ ತಮ್ಮಾ. ಫಸ್ಟ್ ಕ್ಲಾಸ್!" ಎಂದುಬಿಟ್ಟೆ. ಅವನು ಅಂದೇ ಪಾಲಿಶ್ ಮಷೀನಿನ ಮಾಲಕರಿಗೆ ಕೆಲಸ ಬಿಟ್ಟೆನೆಂದು ಹೇಳಿ ಬಂದ.

ಸುಳ್ಳು ಹೇಳಿದ ಮೇಲೆ ನನಗೆ ಅದರಲ್ಲಿ ಉಣ್ಣುವ ಬುದ್ಧಿ ಬಂತು. ರೊಟ್ಟಿಗೆ ಪುಂಡಿಪಲ್ಯ ಬಡಿಸಿಕೊಂಡೆ. ಉಳಿದದ್ದನ್ನು ಅದರಲ್ಲೇ ಮುಚ್ಚಿಟ್ಟೆ. ಬೆಳಿಗ್ಗೆ ತೊಳೆದರೆ, ಪಲ್ಯ ಕೂತಷ್ಟು ಜಾಗ ಹೊಳಪು ಹೋಗಿ ಬೆಳ್ಳಗೆ, ಬೆರಳಿಗೆ ಒರಟು. ಪುಂಡಿಯ ಹುಳಿ ಕಲ್ಲನ್ನೇ ತಿಂದಿತ್ತು. ಐವತ್ತು ವರ್ಷ ಇದೇ ಕಲ್ಲಿನ ನೆಲದ ಮೇಲೆ ಕೂತು ಹುಣಸೆಹಣ್ಣು ಕಿವುಚಿ, ಕಲೆ ಉಜ್ಜಿ ಉಜ್ಜಿ ಸೋತವಳಿಗೆ ಇದು ಮೊದಲೇ ಹೊಳೆಯಬೇಕಿತ್ತು.

ತಾಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವನ ಮನೆಗೆ ಹೋಗಿ, ರಾತ್ರಿ ಪುಂಡಿಪಲ್ಯ ಇಟ್ಟದ್ದನ್ನು ಹೇಳಿದೆ. ಹೆಬ್ಬೆರಳಿಂದ ಉಜ್ಜಿ ನೋಡಿದ.

"ಮತ್ತ ಆ ಹದಿನೈದ್ ದಿನ ಏನ್ ಉಂಡ್ರಿ ಇದ್ರಾಗ?"

"ಏನೂ ಇಲ್ಲಪ್ಪಾ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬರೀ ಹೋಳಿಗಿ, ಹುಗ್ಗಿ ಅಂಥ ಸೀ ಬಡಸ್ಲಿಕ್ಕ ಅಂತ ಹೇಳಿ ಕೊಡು" ಎಂದು ಮತ್ತೊಂದು ಬುದ್ಧಿ ಹೇಳಿದೆ; ನನ್ನ ಬಾಯಿ ಇನ್ನೂ ನಿಂತಿರಲಿಲ್ಲ.

"ಪುಂಡಿಪಲ್ಯ ಇಲ್ಲದ ಖಾನಾವಳಿ ನಮ್ಮ ಕಡಿ ಎಲ್ಲದ ಆಯಿ?" ಎಂದವನೇ ಬಾಬುಮಿಯಾಗೆ ಫೋನು ಹಚ್ಚಿದ. "ತಾಟ ಬ್ಯಾಡ್ರಿ ಭಾಯ್. ಹುಳಿ ತಡಿಯಂಗಿಲ್ಲ." ಅಷ್ಟೇ. ಸ್ವಂತ ಶೆಡ್ಡಿನ ಕನಸು ಮುಗಿಯಿತು. ಎದ್ದು ಅಂಗಿ ಹಾಕಿಕೊಂಡ. ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ.

"ನಿಂದ್ರಿ ಆಯಿ. ಮಾಲಕರ ಹತ್ರ ಕೆಲಸ ವಾಪಸ್ ಕೇಳ್ಲಿಕ್ಕ ಹೊಂಟೀನಿ. ಯಾರ ಮಾತ ಕೇಳಿ ಬಿಟ್ಟಿದ್ದಿ ಅಂತಾರ. ನೀವೂ ಬರ್ರಿ, ನಿಮ್ಮನ್ನೇ ತೋರಸ್ತೀನಿ."