ಹಿಂದಿನ ಸೀಟಿನ ಮೇಷ್ಟ್ರಿಗೆ ಗುಳಿಗೆ

ಅವಳನ್ನು ಆ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕ್ಲಚ್ಚಕ್ಕ ಅಂದರೆ ಸಾಕಿತ್ತು. ಕಾರು ಓಡಿಸಲು ಕಲಿಸುವುದು ಅವಳ ಕೆಲಸ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಡೆಗೂ ಜೋಡಿಸಿದ್ದ ಬ್ರೇಕಿನ ಮೇಲೆ ಒಂದು ಕಾಲಿಟ್ಟು, ಮನಸ್ಸಿನಲ್ಲಿ ದೇವರನ್ನೂ ಬಾಯಲ್ಲಿ ‘ಕ್ಲಚ್ಚು, ಕ್ಲಚ್ಚು, ಕ್ಲಚ್ಚು’ ಎಂಬುದನ್ನೂ ಜಪಿಸುತ್ತ ಅರ್ಧ ಊರಿಗೆ ಗಾಡಿ ಕಲಿಸಿದ್ದಳು. ಅವಳ ಬಳಿ ಕಲಿತವರು ಎಷ್ಟೋ ವರ್ಷಗಳಾದ ಮೇಲೂ ಗೇರು ಬದಲಿಸುವಾಗ ಆ ದನಿ ಕೇಳಿದಂತಾಗಿ ಬೆಚ್ಚುತ್ತಿದ್ದರಂತೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ಅತ್ತೆಗೆ ಸಮಾಧಾನವಿರಲಿಲ್ಲ. “ಗುರುತು ಪರಿಚಯ ಇಲ್ಲದ ಗಂಡಸರ ಪಕ್ಕ ಕೂತು ಊರು ಸುತ್ತೋದು ಅದೆಂಥಾ ಪಾಠನೇ?” ಎಂದು ತಾವೇ ಹಿಂದಿನ ಸೀಟಿನಲ್ಲಿ ಕಾವಲು ಕೂತು ಹೊರಟರು. ಕಲಿಯುವವನು ಒಂದು ಕಂಬವನ್ನು ಸವರಿ, ಒಂದು ತರಕಾರಿ ಗಾಡಿಯನ್ನು ಕೂದಲೆಳೆಯಲ್ಲಿ ತಪ್ಪಿಸಿ, ಕೊನೆಗೆ ಮುಂದಿನ ಚಕ್ರವನ್ನು ಚರಂಡಿಗೆ ಇಳಿಸಿದಾಗ ಅತ್ತೆ ಮುಚ್ಚಿದ್ದ ಕಣ್ಣು ಬಿಟ್ಟರು. “ಇವನಿಗೆ ನಿನ್ನ ಕಡೆ ನೋಡೋಕೆ ಪುರುಸೊತ್ತೆಲ್ಲಿದೆ, ಪಾಪ!” ಎಂದವರೇ ಇಳಿದು ನಡೆದುಕೊಂಡು ಮನೆಗೆ ಹೋದರು. ಮತ್ತೆಂದೂ ಆ ಮಾತೆತ್ತಲಿಲ್ಲ.

ಆಮೇಲೆ ಆ ಸೀಟಿಗೆ ಬಂದವರು ಮೇಷ್ಟ್ರು.

ಮೇಷ್ಟ್ರು ಅಂದರೆ ನಾಯಿ. ಗಾಡಿ ಕಲಿಸುವ ಬಯಲಿನಲ್ಲಿ ಅಡ್ಡ ಬಿದ್ದಿದ್ದ ಹಳೆಯ ಡ್ರಮ್ಮಿನೊಳಗೆ ಮರಿಯಾಗಿದ್ದಾಗ ಸಿಕ್ಕಿದ್ದರು. ಬಿಳಿ ಗಡ್ಡ, ಕಣ್ಣಿನ ಸುತ್ತ ಎರಡು ಕಪ್ಪು ಬಳೆ. ಕ್ಲಚ್ಚಕ್ಕನ ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ನೋಡಿದ ಕೂಡಲೇ, “ಅಯ್ಯೋ, ಇದಕ್ಕೆ ದೇವರೇ ಫ್ರೇಮ್ ಕೂರಿಸಿ ಕಳಿಸಿದಾನಲ್ಲೇ! ಥೇಟ್ ನಮ್ಮ ಲೆಕ್ಕದ ಮೇಷ್ಟ್ರು” ಎಂದ. ಹೆಸರು ನಿಂತಿತು. ಹೆಸರಿನ ಬಾಲ ಹಿಡಿದು ಬಹುವಚನವೂ ಬಂತು. ಆ ಮುಖ ನೋಡಿಕೊಂಡು ‘ಹಚಾ’ ಅನ್ನಲು ಬೀದಿಯಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಒಂದೇ ತೊಂದರೆ. ಕ್ಲಚ್ಚಕ್ಕ ಕಣ್ಣಿಗೆ ಕಾಣದಿದ್ದರೆ ಮೇಷ್ಟ್ರಿಗೆ ಲೋಕವೇ ಮುಳುಗುತ್ತಿತ್ತು. ಅವಳು ಹೊಸಿಲು ದಾಟಿದ ಕೂಡಲೇ ಊಳಿಡಲು ಶುರು. ಬಾಗಿಲನ್ನು ಕೆರೆಯುವರು, ಕಾಲೊರಸನ್ನು ಹತ್ತಿ ಹಿಂಜಿದ ಹಾಗೆ ಹಿಂಜುವರು, ಜೊಲ್ಲು ಸುರಿಸಿಕೊಂಡು ಗಡಗಡ ನಡುಗುವರು. ಅತ್ತೆ ಮನೆಯಲ್ಲೇ ಇದ್ದರೂ ಲೆಕ್ಕಕ್ಕಿಲ್ಲ. ಅತ್ತೆಗೆ ಅದೇ ದೊಡ್ಡ ಅವಮಾನ. “ನಾನಿಲ್ಲಿ ಗುಂಡುಕಲ್ಲಿನ ಹಾಗೆ ಕೂತಿದ್ರೂ ಮನೇಲಿ ಯಾರೂ ಇಲ್ಲ ಅಂತ ಅಳ್ತಾರಲ್ಲೇ ಈ ಮೇಷ್ಟ್ರು! ನಾನೇನು ಮನುಷ್ಯಳಲ್ವಾ?”

ಹಾಗಾಗಿ ಅವರನ್ನು ಕಾರಿನಲ್ಲೇ ಕರೆದೊಯ್ಯುವುದು ರೂಢಿಯಾಯಿತು. ಅಲ್ಲಿ ಇನ್ನೊಂದು ಪೇಚು. ಕಲಿಯುವವರು ಬ್ರೇಕು ಒತ್ತಿದಾಗೆಲ್ಲ ಮೇಷ್ಟ್ರು ಸೀಟಿನಿಂದ ಜಾರುವರು, ಜಾರಿದವರು ಕಲಿಯುವವರ ಕಿವಿಯ ಬುಡದಲ್ಲೇ ಊಳಿಡುವರು. ಕಲಿಯುವವರು ಗಾಬರಿಯಲ್ಲಿ ಕಾಲಿಗೆ ಸಿಕ್ಕಿದ್ದನ್ನೆಲ್ಲ ಒತ್ತುವರು. ಒಬ್ಬ ಹೀಗೆ ಒತ್ತಿ ಸೀದಾ ಟೈರ್ ಅಂಗಡಿಯೊಳಗೇ ಗಾಡಿ ನುಗ್ಗಿಸಿದ. ಅಂಗಡಿಯವನು ತಲೆಯೆತ್ತದೆ, “ನಾಲ್ಕಕ್ಕೂ ಗಾಳಿ ಹಾಕ್ಲಾ?” ಎಂದು ಕೇಳಿದನಂತೆ.

ಮಾರನೆಯ ದಿನ ಡ್ರೈವಿಂಗ್ ಸ್ಕೂಲಿನ ಯಜಮಾನರು ಅವಳನ್ನು ಕರೆಸಿದರು. “ನೋಡಿ ಕ್ಲಚ್ಚಕ್ಕ, ನಿಮ್ಮಂಥೋರು ಹುಡುಕಿದ್ರೂ ಸಿಗಲ್ಲ, ನನಗೂ ಗೊತ್ತು. ಆದ್ರೆ ಬರೋ ತಿಂಗಳು ಕಳೆಯೋದ್ರೊಳಗೆ ಗಾಡೀಲಿ ಒಬ್ರೇ ಗುರುಗಳು ಇರ್ಬೇಕು. ನೀವೋ ಅವರೋ, ನೀವೇ ಯೋಚನೆ ಮಾಡಿ.”

ಗಂಡ ತೋಟವಿರುವ ಗೆಳೆಯನೊಬ್ಬನ ಮಾತೆತ್ತಿದ. ಅಲ್ಲಿ ಬಿಟ್ಟರೆ ಮೇಷ್ಟ್ರು ಆರಾಮಾಗಿರುತ್ತಾರೆ ಅಂದ. ಕ್ಲಚ್ಚಕ್ಕ ತಟ್ಟೆಯ ಮುಂದಿನಿಂದ ಎದ್ದುಬಿಟ್ಟಳು. ಕೆಲಸ ಬಿಟ್ಟರೆ ಮನೆ ನಡೆಯದು, ಮೇಷ್ಟ್ರನ್ನು ಬಿಟ್ಟರೆ ಅವಳ ಜೀವ ನಡೆಯದು. ಕೊನೆಗೆ ದೇವರ ಮೇಲೆ ಭಾರ ಹಾಕಿ ಪ್ರಾಣಿಗಳ ಡಾಕ್ಟ್ರಮ್ಮನ ಬಳಿ ಹೋದಳು.

ಡಾಕ್ಟ್ರಮ್ಮ ಮೇಷ್ಟ್ರನ್ನು ಮುಟ್ಟಿ, ಎದೆಬಡಿತ ಕೇಳಿ, ರಕ್ತ ತೆಗೆದು ನೋಡಿ, ಮೈಯಲ್ಲಿ ಬೇರೇನೂ ರೋಗವಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆ ಕೇಳಿದರು: “ಮನೆಯಿಂದ ಹೊರಡುವಾಗ ನೀವೇನು ಮಾಡ್ತೀರಿ? ಒಂದ್ಸಲ ತೋರಿಸಿ.”

ಕ್ಲಚ್ಚಕ್ಕ ಮಂಡಿಯೂರಿ ಮೇಷ್ಟ್ರ ಎರಡೂ ಕಿವಿ ಹಿಡಿದುಕೊಂಡಳು. “ಹೋಗ್ಬರ್ತೀನಿ ಕಂದಾ. ಅಳ್ಬಾರ್ದು. ಅಜ್ಜಿ ಇದ್ದಾರೆ. ನನಗೇನು ಹೋಗೋಕೆ ಇಷ್ಟಾನಾ? ಹೊಟ್ಟೆಪಾಡು ಕಂದಾ, ಹೊಟ್ಟೆಪಾಡು. ನನ್ನನ್ನ ಮರೀಬೇಡ...” ಅಷ್ಟರಲ್ಲಿ ಮೇಷ್ಟ್ರು ಊಳಿಡುತ್ತಿದ್ದರು. ಬಾಗಿಲ ಬಳಿಯಿದ್ದ ಕಾಂಪೌಂಡರ್ ಮೂಗು ಒರೆಸಿಕೊಂಡ.

“ಅಲ್ಲಮ್ಮಾ, ನೀವು ಕೆಲಸಕ್ಕೆ ಹೋಗ್ತೀರೋ ಯುದ್ಧಕ್ಕೆ ಹೋಗ್ತೀರೋ?” ಎಂದರು ಡಾಕ್ಟ್ರಮ್ಮ. “ಇವರದು ಹಟ ಅಲ್ಲ, ಭಯ. ದಿನಾ ಬೆಳಿಗ್ಗೆ ಒಂದು ಗುಳಿಗೆ ಕೊಡಿ. ಇವತ್ತು ಕೊಟ್ಟು ನಾಳೆ ಸರಿಹೋಗಲ್ಲ, ಕೆಲವು ವಾರ ಹಿಡಿಯುತ್ತೆ. ನೀವಾಗೇ ಹೆಚ್ಚು ಕಮ್ಮಿ ಮಾಡೋದು, ನಿಲ್ಲಿಸೋದು ಕೂಡದು. ಮೊದಮೊದಲು ಮಂಕಾಗಿದ್ರೆ, ಊಟ ಬಿಟ್ರೆ ನನಗೆ ಹೇಳಿ. ಗುಳಿಗೆ ಭಯ ಇಳಿಸುತ್ತೆ, ಅಷ್ಟೇ. ಒಬ್ರೇ ಇರೋದನ್ನ ನೀವೇ ಕಲಿಸ್ಬೇಕು. ಗಾಡಿ ಕಲಿಸೋರು ಮೊದಲನೇ ದಿನವೇ ಹೆದ್ದಾರಿಗೆ ಕರ್ಕೊಂಡು ಹೋಗ್ತೀರಾ?”

“ಇಲ್ಲಪ್ಪ! ನಿಂತಲ್ಲೇ ಸ್ಟಾರ್ಟ್ ಮಾಡಿಸ್ತೀವಿ.”

“ಹಾಗೇ ಇದೂ. ಬೀಗದ ಕೈ ತಗೊಳ್ಳಿ, ಸುಮ್ಮನೆ ಕೂತ್ಕೊಳ್ಳಿ. ಚಪ್ಪಲಿ ಹಾಕ್ಕೊಳ್ಳಿ, ಬಿಚ್ಚಿ. ಹೊರಗೆ ಹೋಗಿ, ಅವರು ಗಾಬರಿಯಾಗೋ ಮೊದಲೇ ಒಳಗೆ ಬನ್ನಿ. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಹೋಗೋವಾಗ ಭಾಷಣ ಬೇಡ, ಬರೋವಾಗ ಮೆರವಣಿಗೆ ಬೇಡ.”

ಮೊದಲ ಸೋಲು ಗುಳಿಗೆಯಲ್ಲೇ. ಬಾಳೆಹಣ್ಣಿನಲ್ಲಿ ಹುದುಗಿಸಿ ಕೊಟ್ಟರೆ ಮೇಷ್ಟ್ರು ಹಣ್ಣು ತಿಂದು ಗುಳಿಗೆಯನ್ನು ತೊಳೆದಿಟ್ಟಂತೆ ನೆಲದ ಮೇಲಿಟ್ಟರು. ಬೆಣ್ಣೆಯಲ್ಲಿ ಕೊಟ್ಟರೂ ಅಷ್ಟೇ, ಬ್ರೆಡ್ಡಿನಲ್ಲಿ ಕೊಟ್ಟರೂ ಅಷ್ಟೇ. ಗಂಡ ಬಾಯಿ ಬಿಡಿಸಿ ನಾಲಿಗೆಯ ಹಿಂದಕ್ಕೇ ಇಟ್ಟ. ಮೇಷ್ಟ್ರು ವಿಧೇಯ ವಿದ್ಯಾರ್ಥಿಯ ಹಾಗೆ ಬಾಯಿ ಮುಚ್ಚಿಕೊಂಡು, ಅವನು ಅತ್ತ ತಿರುಗಿದ್ದೇ ಅವನ ಚಪ್ಪಲಿಯೊಳಗೆ ಉಗಿದರು.

ದಾರಿ ತೋರಿದ್ದು ಅತ್ತೆ. ಅವರು ಬೆಳಿಗ್ಗೆ ಬೆಣ್ಣೆ ಸವರಿದ ಬ್ರೆಡ್ಡಿನ ಜೊತೆ ತಮ್ಮ ಬಿಪಿ ಗುಳಿಗೆ ನುಂಗುವಾಗ ಮೇಷ್ಟ್ರು ಎದುರಿಗೆ ಬಂದು ಕೂತು ನಾಲಿಗೆ ಚಪ್ಪರಿಸಿದರು. ಕೊಟ್ಟದ್ದು ಬೇಡ, ಬೇರೆಯವರದೇ ಬೇಕು ಅನ್ನುವ ಬುದ್ಧಿ ಮನುಷ್ಯರಿಗೆ ಮಾತ್ರ ಇರುವುದಲ್ಲ. “ನಿಮಗಿಲ್ಲ ಹೋಗ್ರೀ ಮೇಷ್ಟ್ರೇ, ಇದು ನಂದು” ಎಂದು ಅತ್ತೆ ಮೇಷ್ಟ್ರದೇ ಗುಳಿಗೆ ಹುದುಗಿಸಿದ್ದ ಬ್ರೆಡ್ಡಿನ ತುಂಡನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಮೇಷ್ಟ್ರು ಸೆರಗಿನೊಳಗೆ ಮೂತಿ ತೂರಿಸಿ ಕಸಿದು ಗುಳುಂ ಎನ್ನಿಸಿದರು! ಅಂದಿನಿಂದ ಬೆಳಿಗ್ಗೆ ಇಬ್ಬರದೂ ಒಟ್ಟಿಗೇ ಔಷಧ ಸೇವನೆ.

“ಅಮ್ಮಾ, ಡಬ್ಬಿ ನೋಡ್ಕೊಂಡು ತಗೋ, ಅದಲುಬದಲಾದೀತು” ಎಂದು ಮಗ ಎರಡು ಡಬ್ಬಿಗಳನ್ನು ಎರಡು ಬೇರೆ ಕೋಣೆಗಳಲ್ಲಿಟ್ಟ.

“ಅದಲುಬದಲಾದ್ರೆ ನಿನ್ನ ಹೆಂಡತಿ ಹೊರಟಾಗ ಗೊತ್ತಾಗುತ್ತೆ ಬಿಡೋ. ನಾನು ಊಳಿಡ್ತೀನಿ.”

ಇನ್ನೊಂದು ಕಡೆ ಹುಸಿ ಪ್ರಯಾಣ ನಡೆದಿತ್ತು. ಹಗಲು ಮೇಷ್ಟ್ರು ಇನ್ನೂ ಕಾರಿನಲ್ಲೇ. ಕ್ಲಚ್ಚಕ್ಕ ಕೆಲಸದಿಂದ ಬಂದ ಮೇಲೆ ಚೀಲ ಹೆಗಲಿಗೇರಿಸಿ, ಮುಖ ಗಂಟಿಕ್ಕಿ, ಒಂದು ಮಾತೂ ಆಡದೆ ಹೊರಗೆ ಹೋಗುವಳು, ಗೇಟಿನ ತನಕ ನಡೆದು ತಿರುಗಿ ಒಳಗೆ ಹೋಗುವಳು. ಮತ್ತೆ ಹೊರಗೆ. ಎದುರುಮನೆಯ ದರ್ಜಿ ಹೆಂಗಸು ಇದನ್ನೆಲ್ಲ ಹೊಲಿಗೆ ಯಂತ್ರದ ಮೇಲಿಂದ ನೋಡುತ್ತಲೇ ಇದ್ದಳು. ಒಂದು ಸಂಜೆ ತಡೆಯಲಾರದೆ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ರಸ್ತೆ ದಾಟಿ ಬಂದು ಅವಳ ಕೈ ಹಿಡಿದಳು.

“ಅಕ್ಕಾ, ತಪ್ಪು ತಿಳೀಬೇಡಿ. ಅತ್ತೆ ಜೊತೆ ಅಷ್ಟೊಂದು ಜಗಳಾನಾ?”

“ಯಾರು ಹೇಳಿದ್ದು?”

“ಹೇಳೋದೇನು, ಕಾಣಲ್ವಾ? ದಿನಾ ಮನೆ ಬಿಟ್ಟು ಹೋಗ್ತೀರಿ, ಗೇಟಿನ ಹತ್ರ ಬಂದು ಮನಸ್ಸು ತಡೀದೆ ವಾಪಸ್ ಹೋಗ್ತೀರಿ. ನೋಡಿ ನೋಡಿ ನನ್ನ ಕರುಳೇ ಚುರ್ ಅಂತಿದೆ. ಹೋಗೋದಾದ್ರೆ ಒಂದ್ಸಲ ಗಟ್ಟಿ ಮನಸ್ಸು ಮಾಡಿ ಹೋಗ್ಬಿಡಿ ಅಕ್ಕಾ. ಅತ್ತೆಗೂ ಬುದ್ಧಿ ಬರ್ಲಿ!”

ಒಳಗಿನಿಂದ ಅತ್ತೆ, “ಬುದ್ಧಿ ಬರ್ಬೇಕಾದ್ದು ನನಗಲ್ಲಮ್ಮಾ, ಮೇಷ್ಟ್ರಿಗೆ!” ಎಂದು ಕೂಗಿದರು. ಕ್ಲಚ್ಚಕ್ಕ ನಕ್ಕು ನಕ್ಕು ಗೇಟಿಗೇ ಒರಗಿಕೊಂಡಳು. ವಿಷಯ ತಿಳಿದ ಮೇಲೆ ದರ್ಜಿ ತಾನೂ ತಂಡಕ್ಕೆ ಸೇರಿದಳು. ಕ್ಲಚ್ಚಕ್ಕ ಬೀದಿಯ ಮೂಲೆಯಲ್ಲಿ ಅಡಗಿ ನಿಂತರೆ, ಇವಳು ಯಂತ್ರ ನಿಲ್ಲಿಸಿ ಕಿವಿಗೊಟ್ಟು, ಸದ್ದಿಲ್ಲದಿದ್ದರೆ ಬಿಳಿ ಬಟ್ಟೆ, ಊಳು ಕೇಳಿದರೆ ಕೆಂಪು ಬಟ್ಟೆ ಬೀಸುವಳು. ಮೊದಮೊದಲು ಕೆಂಪೇ ಕೆಂಪು. ಗುಳಿಗೆಯ ವಾರಗಳು ಉರುಳಿದಂತೆ ಗುಲಾಬಿಯೂ ಕಾಣಿಸಿತು. ಅದು ಬರೀ ಕುಂಯ್ ಅಂದದ್ದಕ್ಕೆ ಎಂದು ದರ್ಜಿ ತಾನೇ ಸೇರಿಸಿದ್ದು. ಆಮೇಲೆ ಬಿಳಿ, ಗಂಟೆಗಟ್ಟಲೆ ಬಿಳಿ.

ಯಜಮಾನರ ಗಡುವು ಮುಗಿಯುವ ದಿನ ಕ್ಲಚ್ಚಕ್ಕ ಮೇಷ್ಟ್ರ ಕಿವಿ ಮುಟ್ಟಲಿಲ್ಲ, ಕಂದಾ ಎನ್ನಲಿಲ್ಲ. ತುಟಿ ಕಚ್ಚಿಕೊಂಡು ಇಡೀ ದಿನದ ಕೆಲಸಕ್ಕೆ ಹೊರಟುಹೋದಳು. ಹಿಂದಿನ ಸೀಟು ಖಾಲಿ. ಕಲಿಯುವವರು ಬ್ರೇಕು ಒತ್ತಿದಾಗೆಲ್ಲ ಅವಳೇ ಬೆಚ್ಚಿ ಹಿಂದೆ ತಿರುಗುತ್ತಿದ್ದಳು. “ಅಕ್ಕಾ, ರಸ್ತೆ ಮುಂದಿದೆ” ಎಂದು ಕಲಿಯುವವಳೇ ಅವಳಿಗೆ ಪಾಠ ಹೇಳುವಂತಾಯಿತು. ಸಂಜೆ ಯಜಮಾನರು ಗಾಡಿಯೊಳಗೆ ಇಣುಕಿ ನೋಡಿ, ಕೈಮುಗಿದು, “ನಾಳೆ ಬನ್ನಿ ಗುರುಗಳೇ” ಎಂದರು.

ಅವಳು ಓಡೋಡಿ ಮನೆಗೆ ಬಂದಳು. ಬಾಗಿಲಿನ ಮೇಲೆ ಹೊಸ ಗೀರಿಲ್ಲ. ಕಾಲೊರಸು ಕಾಲೊರಸಿನ ಹಾಗೇ ಇದೆ. ಒಳಗೆ ಮೇಷ್ಟ್ರು ಅತ್ತೆಯ ಪಾದದ ಮೇಲೆ ಗಡ್ಡವೂರಿ ಮಲಗಿದ್ದವರು, ಒಂದು ಕಣ್ಣು ತೆರೆದು, ಬಾಲವನ್ನು ಒಂದು ಸಲ ನೆಲಕ್ಕೆ ತಟ್ಟಿ, ಮತ್ತೆ ಕಣ್ಣು ಮುಚ್ಚಿದರು.

ಕ್ಲಚ್ಚಕ್ಕ ಹೊಸಿಲ ಮೇಲೆಯೇ ಕುಸಿದು ಕೂತು ಅಳತೊಡಗಿದಳು.

ಅತ್ತೆ ಕೂತಲ್ಲಿಂದಲೇ ಗಾಬರಿಯಾಗಿ ಕೇಳಿದರು: “ಏನೇ? ಕೆಲಸ ಹೋಯ್ತಾ?”

“ಇಲ್ಲ ಅತ್ತೆ, ಉಳೀತು.”

“ಮತ್ತ್ಯಾಕೆ ಅಳು?”

“ಇವನು ಎದ್ದೂ ಬರ್ಲಿಲ್ಲ ನೋಡಿ!”

ಅತ್ತೆ ಸೊಸೆಯ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು. “ಚೆನ್ನಾಗಿದೆ! ಅವರು ಅಳ್ತಾರೆ ಅಂತ ಇಷ್ಟು ದಿನ ಗುಳಿಗೆ ತಿನ್ನಿಸಿದ್ದಾಯ್ತು. ಈಗ ಅಳ್ಲಿಲ್ಲ ಅಂತ ನೀನು ಅಳು. ಡಾಕ್ಟ್ರಮ್ಮನ ಹತ್ರ ಹೋಗಿ ನಿನಗೂ ಒಂದು ಬರೆಸ್ಕೊಂಡು ಬಾ.”

ಹಾಗಂದು ಅವಳಿಗೆ ಕಾಫಿ ಮಾಡಲು ಎದ್ದರು. ಅವರು ಅಡುಗೆಮನೆಯೊಳಗೆ ಮರೆಯಾದದ್ದೇ ತಡ, ಮೇಷ್ಟ್ರು ಧಡಕ್ಕನೆ ಎದ್ದು ಅವರ ಹಿಂದೆಯೇ ಓಡಿದರು.

“ಅಯ್ಯೋ, ಕಾಲಿಗೆ ಸಿಕ್ಕೊಳ್ಬೇಡಿ ಮೇಷ್ಟ್ರೇ, ಹಾಲು ಚೆಲ್ಲುತ್ತೆ!” ಎಂದು ಒಳಗಿನಿಂದ ಅತ್ತೆಯ ದನಿ ಬಂತು. ಬೈಗುಳವೇ ಹೌದು. ಆದರೆ ಅತ್ತೆ ಅಷ್ಟು ಸಂತೋಷವಾಗಿ ಯಾರನ್ನಾದರೂ ಬೈದದ್ದನ್ನು ಕ್ಲಚ್ಚಕ್ಕ ಅದುವರೆಗೆ ಕೇಳಿರಲಿಲ್ಲ.