ನೆಲದೊಳಗಿನ ಅರ್ಧ

ಕೊಳ್ಳೇಗಾಲದ ನಮ್ಮ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ಹಗ್ಗಕ್ಕೆಂದು ನಾನೇ ಸ್ವಹಸ್ತದಿಂದ ನೆಟ್ಟ ಕಲ್ಲುಕಂಬವೊಂದು ಬಹಳ ದಿನಗಳಿಂದ ಬಾವಿಯ ಕಡೆಗೆ ಬಾಗುತ್ತಲೇ ಇತ್ತು. ಹೆಂಡತಿ ಒದ್ದೆ ಸೀರೆ ಹರವಿದ ದಿನ ಅದರ ವಿನಯ ಇನ್ನಷ್ಟು ಹೆಚ್ಚುತ್ತಿತ್ತು. ಗುಂಡಿ ಆಳವಾಗಿರಲಿ ಎಂದು ಕಲ್ಲು ತಂದವನು ಹೇಳಿದ್ದನಾದರೂ, ಅಷ್ಟುದ್ದದ ಕಲ್ಲನ್ನು ತರಿಸಿ ಅದರಲ್ಲೊಂದು ಪಾಲನ್ನು ಯಾರ ಕಣ್ಣಿಗೂ ಬೀಳದಂತೆ ಹೂಳುವುದು ಅವಿವೇಕವೆಂದು ಬಗೆದು, ನಾನು ಮೊಳದೊಳಗೇ ಗುಂಡಿಯ ಕೆಲಸ ಮುಗಿಸಿದ್ದೆ. ಬಾಗುವುದಕ್ಕೆ ಗಾಳಿಯೇ ಕಾರಣವೆಂದು ಹೆಂಡತಿಗೆ ಹೇಳುತ್ತ ಬಂದಿದ್ದೆ.

ವೃತ್ತಿಯಿಂದ ನಾನು ಡ್ರಾಯಿಂಗ್ ಮೇಷ್ಟ್ರು. ಕೌದಳ್ಳಿ ಕಡೆಯ ಶಾಲೆಯೊಂದರಲ್ಲಿ ಸರಳರೇಖೆಯ ಮಹಿಮೆಯನ್ನು ಬೋಧಿಸುವವನ ಮನೆಯ ಕಂಬವೇ ವಕ್ರವೆಂಬ ಸಂಗತಿ ಮಕ್ಕಳಿಗೆ ತಿಳಿಯದಿದ್ದುದೇ ನನ್ನ ಗೌರವಕ್ಕಿದ್ದ ಆಧಾರ. ಈ ಸಲ ಹನೂರಿನಲ್ಲಿ ಶಾಲಾಮಕ್ಕಳ ಚಿತ್ರಪ್ರದರ್ಶನ ಏರ್ಪಟ್ಟಿತ್ತು. ವಿಷಯ, ಪ್ರಪಂಚದ ಶಿಲ್ಪ. ಎಲ್ಲರೂ ಹಂಪಿಯ ಕಲ್ಲಿನ ರಥಕ್ಕೇ ಕೈಹಚ್ಚುತ್ತಾರೆಂದು ಊಹಿಸಿ, ನಾನು ಏಳನೆಯ ತರಗತಿಯನ್ನು ಕಟ್ಟಿಕೊಂಡು ಪೆಸಿಫಿಕ್ ಸಾಗರವನ್ನೇ ದಾಟಿ ಈಸ್ಟರ್ ದ್ವೀಪಕ್ಕೆ ಹೋದೆ. ಅಲ್ಲಿ ಪಾಲಿನೇಷ್ಯದ ಪೂರ್ವಿಕರು ಕಡೆದು ನಿಲ್ಲಿಸಿದ ‘ಮೊವಾಯಿ’ ಎಂಬ ಉದ್ದ ಮೂಗಿನ ಮಹಾಶಿಲೆಗಳಿವೆಯಷ್ಟೆ? ನನ್ನಲ್ಲಿದ್ದದ್ದು ಹಳೆಯ ಕ್ಯಾಲೆಂಡರಿನ ಒಂದು ಚಿತ್ರ: ಹುಲ್ಲಿನ ಇಳಿಜಾರಿನಿಂದ ಮೇಲೆದ್ದ ಬರೀ ತಲೆಗಳು. ಪಾಂಡಿತ್ಯ ಅಷ್ಟೇ ಇದ್ದರೂ ಬಾಯಿ ಸುಮ್ಮನಿರಬೇಕಲ್ಲ! ದೇಹ ನಶ್ವರ, ಚಿಂತನೆಯೇ ಶಾಶ್ವತ, ಆದ್ದರಿಂದಲೇ ಆ ಶಿಲ್ಪಿಗಳು ತಲೆಯನ್ನು ಮಾತ್ರ ಕಡೆದರು ಎಂಬ ತತ್ತ್ವವನ್ನು ನಿಂತಲ್ಲೇ ಸೃಷ್ಟಿಸಿ, ಬೆಲ್ಲು ಹೊಡೆಯುವವರೆಗೂ ಉಪದೇಶಿಸಿದೆ.

ಮಕ್ಕಳು ಬರೆದರು. ಬೋಳುಹಣೆ ಕಂಡು ಸಂಕಟಪಟ್ಟ ಒಬ್ಬ ಮೂರು ಪಟ್ಟೆ ವಿಭೂತಿ ಎಳೆದಿದ್ದ. ಮಾದೇವಿ ಎಂಬ ಹುಡುಗಿ ಮಾತ್ರ ಹಾಳೆಯ ನಡುವೆ ನೆಲದ ಗೆರೆ ಹಾಕಿ, ಮೇಲೆ ಅತ್ಯದ್ಭುತವಾದ ತಲೆಯನ್ನೂ, ಕೆಳಗೆ ಮಣ್ಣಿನೊಳಗೆ ಎದೆ, ಹೊಟ್ಟೆ, ಕೈಕಾಲುಗಳನ್ನೂ, ಪಕ್ಕದಲ್ಲಿ ಎರಡು ಎರೆಹುಳುಗಳನ್ನೂ ಬರೆದಿದ್ದಳು. ಅವಳಪ್ಪ ಹೊಲಗಳ ಬೇಲಿಗೆ ಕಲ್ಲುಕಂಬ ನೆಡುವವನು.

“ಇದೇನಮ್ಮ ನೆಲದ ಕೆಳಗೆ?” ಎಂದೆ.

“ಒಳ್ಗ ಅಷ್ಟುದ್ದ ಊತಿಲ್ಲಾಂದ್ರ ಅಷ್ಟ್ ದಪ್ಪ ತಲ ಎಂಗ್ ನಿಂತದು ಸಾ? ನಮ್ಮಪ್ಪ ಕಲ್ ನೆಡದ ನೋಡಿವ್ನಿ.”

ನಾನು ನಕ್ಕೆ. ಮೇಷ್ಟ್ರು ನಕ್ಕ ಮೇಲೆ ತರಗತಿ ಬಿಟ್ಟೀತೇ? ಅದೂ ನಕ್ಕಿತು. ತಲೆ ಎಲ್ಲರದಕ್ಕಿಂತ ಚೆನ್ನಾಗಿದ್ದುದರಿಂದ, ನೆಲದ ಗೆರೆಗುಂಟ ಕತ್ತರಿ ಆಡಿಸಿ, ಮೇಲಿನರ್ಧವನ್ನು ರಟ್ಟಿಗೆ ಅಂಟಿಸಿ, ಕೆಳಗಿನರ್ಧವನ್ನು ಅವಳ ಕೈಗೇ ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ಜಾಗಕ್ಕೆ ಹೋಗಿ ಕೂತಳು.

ಹನೂರಿನಲ್ಲಿ ಆ ತಲೆಯ ಮುಂದೆ ಜನ ನಿಂತು ನೋಡಿದರು. ನಾನು ಅದರ ಪಕ್ಕದಲ್ಲೇ, ಕಡೆದವನು ನಾನೇ ಎಂಬಂತೆ ನಿಂತಿದ್ದೆ. ಆಗ ಮಾಂಬಳ್ಳಿ ಕಡೆಯ ಮೇಷ್ಟ್ರೊಬ್ಬರು ಬಂದು, “ತಲ ಬೋ ಚೆಂದಾಗದ ಸಾ. ಮೈ ಯಾಕ ಬುಟ್ರಿ?” ಎಂದು ಮೊಬೈಲು ತೆರೆದು ತೋರಿಸಿದರು. ಅಗೆದ ಆಳವಾದ ಗುಂಡಿ. ಅದರೊಳಗೆ ಅದೇ ಮೊವಾಯಿಯ ಎದೆ, ಹೊಟ್ಟೆ, ಹೊಟ್ಟೆಯ ಕೆಳಗೆ ಜೋಡಿಸಿದ ಕೈಗಳು. ಕೊಳ್ಳೇಗಾಲದ ಬಸ್ಸಿನಲ್ಲಿ ಕೂತಾಗ ನನಗೆ ನಿಜವಾಗಿ ನಾಚಿಕೆಯಾಯಿತು. ತಪ್ಪು ಹೇಳಿಕೊಡುವುದು ನನಗೇನೂ ಹೊಸದಲ್ಲ. ಕಾರಣ ಕೊಟ್ಟ ಮಗುವನ್ನು ನೋಡಿ ನಕ್ಕೆನಲ್ಲ, ಅದು ಚುಚ್ಚುತ್ತಿತ್ತು. ಆ ಕೆಳಗಿನರ್ಧ ಎಂದೋ ಒಲೆ ಸೇರಿರಬಹುದೆಂದು ಭಯವೂ ಆಯಿತು.

ಮರುದಿನ ತರಗತಿಯೆದುರು ತಪ್ಪೊಪ್ಪಿಕೊಂಡೆ. ಮಾದೇವಿ ಸಮಾಜದ ಪುಸ್ತಕ ಬಿಡಿಸಿ, ನಡುವಿನಿಂದ ಆ ಅರ್ಧವನ್ನು ಒಂದೂ ಮಡಿಕೆಯಿಲ್ಲದಂತೆ ತೆಗೆದುಕೊಟ್ಟಳು. ಹನೂರಿನಿಂದ ವಾಪಸು ತಂದಿದ್ದ ತಲೆಗೆ ಅದನ್ನು ಇಬ್ಬರೂ ಸೇರಿ ಟೇಪು ಹಚ್ಚಿ ಜೋಡಿಸಿದೆವು. ಆ ಮೇಷ್ಟ್ರಿಂದ ತರಿಸಿಕೊಂಡ ಫೋಟೋ ತೋರಿಸಿದರೆ, “ಕಾಲೇ ಇಲ್ವಲ್ಲ ಸಾ ಇದ್ಕ! ಅಳಿಸ್ಬುಡ್ಲಾ?” ಎಂದಳು. ಅಳಿಸಬೇಡಮ್ಮ, ಅಷ್ಟು ದೊಡ್ಡ ತಲೆ ಹೊತ್ತವನಿಗೆ ಕಾಲಿರಲಿ ಎಂದೆ. ಅವಳು ನಕ್ಕಳು; ಆದರೂ ಮೇಜಿನ ಮೇಲಿದ್ದ ಕತ್ತರಿಯನ್ನು ಮೆಲ್ಲಗೆ ನನ್ನ ಕೈಗೆಟುಕದಷ್ಟು ದೂರ ಸರಿಸಿದಳು.

ಕಂಬದ ಗುಂಡಿ ಎಷ್ಟಿರಬೇಕೆಂದು ಅವಳನ್ನೇ ಕೇಳಿದೆ. ಸೊಂಟ ಮುಟ್ಟಿ ತೋರಿಸಿದಳು. ಭಾನುವಾರ ಬೆವರು ಸುರಿಸಿ ಅಷ್ಟೂ ತೋಡಿ ನೆಟ್ಟೆ. ಸಂಜೆ ಹೆಂಡತಿ ಬಂದು ನೋಡಿ, “ಅಂತೂ ಗಾಳಿ ನಿಂತಂಗದ” ಎಂದಳು. ಕಂಬವೀಗ ನೆಟ್ಟಗಿದೆ. ಹಗ್ಗ ಮಾತ್ರ ಕೆಳಗಿಳಿದಿರುವುದರಿಂದ ಬಾವಿಯ ಕಡೆಗೆ ಹೋಗುವಾಗಲೆಲ್ಲ ನಾನು ತಲೆ ತಗ್ಗಿಸಬೇಕಾಗುತ್ತದೆ. ಮರೆತ ದಿನ ಒದ್ದೆ ಸೀರೆ ಮುಖಕ್ಕೆ ಬಡಿದು ನೆನಪಿಸುತ್ತದೆ.